ಪುಕ್ಕಟೆ ಬಂದ ಹಡಗು, ಅದರ ರಿಪೇರಿ ಖರ್ಚು

ಉಣಕಲ್ ಕೆರೆ ದಂಡೆಯ ನಮ್ಮ ಮುಂಜಾನೆ ವಾಕಿಂಗ್ ಗುಂಪಿನಲ್ಲಿ ಸದ್ಯಕ್ಕೆ ಅಮೆರಿಕದ ನಿಮಿಟ್ಜ್ ಹಡಗಿನದೇ ಮಾತು. 1975ರಿಂದ ಸೇವೆಯಲ್ಲಿರುವ ಆ ವಿಮಾನವಾಹಕ ನೌಕೆಯನ್ನು ಅಲ್ಲಿಯವರು ನಿವೃತ್ತಿ ಮಾಡಲು ಹೊರಟಿದ್ದಾರೆ ಅನ್ನುವ ಸುದ್ದಿ ಯಾರದೋ ಮೊಬೈಲಿಗೆ ಬಂದಿತ್ತು. "ಹೆಂಗೂ ಗುಜರಿಗೆ ಹಾಕೋರು, ನಮಗರ ಕೊಡ್ಲಿ. ಕಾರವಾರದಾಗ ತಂದು ನಿಂದರಿಸಿದ್ರ ಚೀನಾದಾಂವ ಹೆದರ್ತಾನ" ಅಂದರು ಒಬ್ಬ ಹಿರಿಯರು. ಎಲ್ಲರೂ ಹೌದಂದರು. ರೈಲ್ವೆ ವರ್ಕ್‌ಶಾಪಿನಲ್ಲಿ ಹಳೆ ಬೋಗಿ ಬಿಚ್ಚಿ ಕಟ್ಟಿಯೇ ನೌಕರಿ ಮುಗಿಸಿದ ನನಗೆ ಹಾಗೆ ಸುಮ್ಮನೆ ಹೌದನ್ನಲು ಆಗಲಿಲ್ಲ. ಉದ್ದ ಬರಹ, ಪುರುಸೊತ್ತಿದ್ದವರು ಓದಿರಿ.

ಪುಕ್ಕಟೆ ಹಡಗು ನಾವು ಒಮ್ಮೆ ತಗೊಂಡಾಗಿದೆ. 2004ರ ಜನವರಿಯಲ್ಲಿ ರಷ್ಯಾದವರು 'ಅಡ್ಮಿರಲ್ ಗೋರ್ಷ್ಕೋವ್' ಕೊಟ್ಟಾಗ ಹಡಗಿಗೆ ದುಡ್ಡಿಲ್ಲ, ದುರಸ್ತಿ ಮತ್ತು ಮಾರ್ಪಾಡಿಗೆ ಮಾತ್ರ 97.4 ಕೋಟಿ ಡಾಲರ್ ಅಂತ ಕರಾರಾಯಿತು. 2008ಕ್ಕೆ ಕೈಗೆ ಬರಬೇಕಿತ್ತು. ಆದರೆ ಕೆಲಸ ಹಿಡಿದವರು ಯಾರು ನೋಡಿ. ಸೋವಿಯತ್ ಕಾಲದ ಇಂಥ ನೌಕೆಗಳೆಲ್ಲ ಹುಟ್ಟಿದ್ದು ಮಿಕೊಲಾಯಿವ್‌ನಲ್ಲಿ, ದೇಶ ಒಡೆದ ಮೇಲೆ ಅದು ಉಕ್ರೇನಿನ ಪಾಲಾಯಿತು. ನಮ್ಮ ಹಡಗು ಹೋಗಿದ್ದು ಉತ್ತರ ತುದಿಯ ಸೆವೆರೊದ್ವಿನ್‌ಸ್ಕ್‌ನ ಸೆವ್ಮಾಶ್ ಕಾರ್ಖಾನೆಗೆ. ಅದು ಜಲಾಂತರ್ಗಾಮಿ ಕಟ್ಟುವ ಜಾಗ, ವಿಮಾನವಾಹಕ ನೌಕೆಯ ಕೆಲಸ ಅವರಿಗೆ ಹೊಸದು. ಮುಂಭಾಗದಲ್ಲಿ ಕ್ಷಿಪಣಿಗಳನ್ನು ಹೊತ್ತಿದ್ದ ಹಡಗಿನ ಡೆಕ್ ಪೂರಾ ಬಿಚ್ಚಿ, ವಿಮಾನ ಜಿಗಿದು ಹಾರಲು ಮೂತಿ ಎತ್ತಿದ ಸ್ಕೀ ಜಂಪ್ ಕಟ್ಟಬೇಕಿತ್ತು.

ಬೋಗಿ ದುರಸ್ತಿಗೆ ಬಂದಾಗ ಹೊರಗಿನ ಬಣ್ಣ ನೋಡಿ ಯಾವ ಫಿಟ್ಟರನೂ ಲೆಕ್ಕ ಹೇಳುವುದಿಲ್ಲ. ಪಾಯಖಾನೆ ಕೆಳಗಿನ ನೆಲದ ತಗಡು ಎತ್ತಿದಾಗಲೇ ಒಳಗೆ ತುಕ್ಕು ಎಷ್ಟು ತಿಂದಿದೆ ಅಂತ ಗೊತ್ತಾಗುವುದು. ಗೋರ್ಷ್ಕೋವ್‌ನಲ್ಲಿ ಆಗಿದ್ದೂ ಅದೇ, ಬಿಚ್ಚುತ್ತಾ ಹೋದಂತೆ ಕೆಲಸ ಬೆಳೆಯಿತು. ಕೇಬಲ್‌ಗಳನ್ನು ಮೈಲಿಗಟ್ಟಲೆ ಬದಲಿಸಬೇಕಾಯಿತು. ರಷ್ಯನ್ನರು ಇನ್ನೂ ದುಡ್ಡು ಕೇಳಿದರು. ಅರ್ಧ ಬಿಚ್ಚಿದ ಹಡಗು ಅವರ ಅಂಗಳದಲ್ಲಿತ್ತು, ಅದಾಗಲೇ ಕೊಟ್ಟ ದುಡ್ಡೂ ಅವರ ಬಳಿಯೇ ಇತ್ತು. ಚೌಕಾಶಿ ಮಾಡುವ ಶಕ್ತಿ ನಮಗೆಲ್ಲಿಂದ ಬರಬೇಕು? 2010ರ ಹೊತ್ತಿಗೆ ಬೆಲೆ ಸುಮಾರು 235 ಕೋಟಿ ಡಾಲರಿಗೆ ಏರಿತು. 2012ರಲ್ಲಿ ಸಮುದ್ರ ಪರೀಕ್ಷೆಗೆ ಹೊರಟರೆ ಎಂಟು ಬಾಯ್ಲರ್‌ಗಳಲ್ಲಿ ಏಳು ಕೈಕೊಟ್ಟವು, ಒಳಗಿನ ಶಾಖನಿರೋಧಕ ಇಟ್ಟಿಗೆ ತಾಳಲಿಲ್ಲ. ಕೊನೆಗೆ 2013ರ ನವೆಂಬರ್ 16ರಂದು 'ವಿಕ್ರಮಾದಿತ್ಯ' ಅನ್ನುವ ಹೆಸರಿನಲ್ಲಿ ನಮ್ಮ ಕೈಸೇರಿತು. ಆಯುಷ್ಯ ಕಡಿಮೆ ಇರುವ ಸೆಕೆಂಡ್ ಹ್ಯಾಂಡ್ ಹಡಗಿಗೆ ಹೊಸದರ ಬೆಲೆಗಿಂತ ಹೆಚ್ಚು ತೆರುತ್ತಿದ್ದೇವೆ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2009ರಲ್ಲೇ ಬರೆದಿತ್ತು.

ಹಾಗಂತ ಸೆಕೆಂಡ್ ಹ್ಯಾಂಡ್ ಅಂದರೇ ಮೂಗು ಮುರಿಯುವವನು ನಾನಲ್ಲ. 1957ರಲ್ಲಿ ಬ್ರಿಟನ್ನಿನಿಂದ ಕೊಂಡ 'ಹರ್ಕ್ಯುಲಿಸ್', ಮಹಾಯುದ್ಧ ಮುಗಿದದ್ದರಿಂದ ಅರ್ಧಕ್ಕೇ ನಿಂತಿದ್ದ ಹಡಗು. ಬೆಲ್ಫಾಸ್ಟ್‌ನಲ್ಲಿ ಪೂರ್ತಿ ಮಾಡಿಸಿ 1961ರಲ್ಲಿ ಅದನ್ನೇ ಮೊದಲ 'ವಿಕ್ರಾಂತ್' ಮಾಡಿಕೊಂಡೆವು. 1971ರಲ್ಲಿ ಅದರ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ವೇಗ ತಗ್ಗಿತ್ತು. ಅಂಥಾದ್ದರಲ್ಲೂ ಬಂಗಾಳ ಕೊಲ್ಲಿಗೆ ಹೋಗಿ ಅದರ ಸೀ ಹಾಕ್ ವಿಮಾನಗಳು ಕಾಕ್ಸ್ ಬಜಾರ್, ಚಿತ್ತಗಾಂಗ್ ಮೇಲೆ ಬಾಂಬ್ ಹಾಕಿ ಬಂದವು. ಆಮೇಲೆ 'ವಿರಾಟ್'. ಫಾಕ್‌ಲ್ಯಾಂಡ್ಸ್ ಯುದ್ಧ ನಡೆಸಿದ 'ಹರ್ಮಿಸ್' ಅದು. 1987ರಲ್ಲಿ ನಮ್ಮ ಪಡೆ ಸೇರಿ 2017ರವರೆಗೆ ದುಡಿಯಿತು. ಇಂಥ ಹಡಗು ಕಟ್ಟುವ ಕೈ ಆಗ ನಮ್ಮಲ್ಲಿರಲಿಲ್ಲ, ಕೊಂಡದ್ದು ಸರಿಯಾಯಿತು.

ಈಗಿನ ಪೇಟೆ ಬೇರೆ. ನಿಮಿಟ್ಜ್ ಅಣುಶಕ್ತಿಯ ಹಡಗು, ರಿಯಾಕ್ಟರ್ ಸಮೇತ ಬೇರೆ ದೇಶಕ್ಕೆ ಅಮೆರಿಕ ಕೊಡುವ ಮಾತೇ ಇಲ್ಲ. ಉಗಿಯ ಮೇಲೆ ನಡೆಯುತ್ತಿದ್ದ 'ಕಿಟ್ಟಿ ಹಾಕ್' ಅನ್ನೂ ಅವರು ಯಾರಿಗೂ ಕೊಡಲಿಲ್ಲ, 2021ರಲ್ಲಿ ಒಂದು ಸೆಂಟಿಗೆ ಟೆಕ್ಸಾಸ್‌ನ ಗುಜರಿಯವರಿಗೆ ಹಾಕಿದರು. ಬ್ರಿಟನ್ ತನ್ನ ಎರಡು ಹೊಸ ಹಡಗುಗಳಲ್ಲಿ ಒಂದನ್ನು ಮಾರುತ್ತದಂತೆ ಅನ್ನುವ ಗಾಳಿಮಾತು ಆಗಾಗ ಏಳುತ್ತದೆ. ಅವುಗಳ ಡೆಕ್ ಮೇಲೆ ವಿಮಾನ ತಡೆದು ನಿಲ್ಲಿಸುವ ತಂತಿಯೇ ಇಲ್ಲ, ನೆಟ್ಟಗೆ ಇಳಿಯುವ ಎಫ್-35ಬಿಗೆಂದೇ ಮಾಡಿದ್ದು. ಆ ವಿಮಾನ ಬೇಕೆಂದರೆ ಅಮೆರಿಕದ ಬಾಗಿಲು ತಟ್ಟಬೇಕು. ರಷ್ಯಾದ ಎಸ್-400 ವಾಯುರಕ್ಷಣಾ ಕ್ಷಿಪಣಿ ಕೊಂಡ ತಪ್ಪಿಗೆ ತುರ್ಕಿಯನ್ನು 2019ರಲ್ಲಿ ಎಫ್-35 ಯೋಜನೆಯಿಂದ ಹೊರಹಾಕಿದರು, ಅದೇ ಎಸ್-400 ನಮ್ಮ ಹತ್ತಿರವೂ ಇದೆ. ಫ್ರಾನ್ಸ್ ಬಳಿ ಇರುವುದು ಒಂದೇ, ಮುಂದಿನದಕ್ಕೆ ಅವರೇ ವಿಮಾನವನ್ನು ಡೆಕ್‌ನಿಂದ ಎಸೆದು ಹಾರಿಸುವ ವಿದ್ಯುತ್ಕಾಂತೀಯ ಕ್ಯಾಟಪಲ್ಟನ್ನು ಅಮೆರಿಕದಿಂದ ತರಿಸುತ್ತಿದ್ದಾರೆ. ರಷ್ಯಾದವರು 'ಶ್ಟೋರ್ಮ್' ಅನ್ನುವ ದೊಡ್ಡ ನೌಕೆಯ ಮಾದರಿಯನ್ನು ಪ್ರದರ್ಶನದಲ್ಲಿಟ್ಟು ತೋರಿಸಿದರು. ಅವರದೇ 'ಕುಜ್ನೆಟ್ಸೋವ್' ದುರಸ್ತಿಗೆ ಹೋದಾಗ 2018ರಲ್ಲಿ ಅದಿದ್ದ ತೇಲು ಡಾಕ್ ಮುಳುಗಿತು, ಮರುವರ್ಷ ಹಡಗಿಗೇ ಬೆಂಕಿ ಬಿತ್ತು. ಇನ್ನೊಮ್ಮೆ ಅವರ ಹತ್ತಿರ ಹೋಗೋಣವೇನ್ರಿ?

ಕೊಂಡವರ ಗತಿಯನ್ನೂ ನೋಡೋಣ. ಬ್ರೆಜಿಲ್ 2000ದಲ್ಲಿ ಫ್ರಾನ್ಸಿನ ಹಳೆ 'ಫೋಶ್' ಅನ್ನು 1.2 ಕೋಟಿ ಡಾಲರಿಗೆ ಕೊಂಡಿತು. ಕಡೆಗೆ ಆಸ್ಬೆಸ್ಟಾಸ್ ತುಂಬಿದ ಆ ಹಡಗನ್ನು ಒಡೆಯಲು ತುರ್ಕಿಯೂ ಒಲ್ಲೆ ಅಂದಾಗ, 2023ರಲ್ಲಿ ಅಟ್ಲಾಂಟಿಕ್‌ನಲ್ಲಿ ಮುಳುಗಿಸಿದರು. ಥಾಯ್ಲೆಂಡ್ ಸ್ಪೇನಿನಲ್ಲಿ ಹೊಚ್ಚ ಹೊಸದನ್ನೇ ಕಟ್ಟಿಸಿ 1997ರಲ್ಲಿ ತಂದಿತು. ಹತ್ತು ವರ್ಷದೊಳಗೆ ಜೆಟ್‌ಗಳು ಮೂಲೆ ಸೇರಿ, ಈಗ ಹೆಲಿಕಾಪ್ಟರ್ ಮಾತ್ರ. ಲಾಭ ಮಾಡಿಕೊಂಡವರು ಚೀನಾದವರು. ಕ್ಯಾಸಿನೋ ಮಾಡುತ್ತೇವೆ ಅನ್ನುವ ನೆಪದಲ್ಲಿ ಉಕ್ರೇನಿನಿಂದ 'ವರ್ಯಾಗ್' ಒಡಲನ್ನು 2 ಕೋಟಿ ಡಾಲರಿಗೆ ಎಳೆದು ತಂದು, ಅದನ್ನು ನೋಡಿ ಕಲಿತು, ಎರಡನೆಯದನ್ನೂ ಮೂರನೆಯದನ್ನೂ ತಾವೇ ಕಟ್ಟಿದರು.

ನಮಗೂ ಆ ಕೈ ಬಂದಿದೆ. ಕೊಚ್ಚಿಯ ಹೊಸ ವಿಕ್ರಾಂತ್‌ಗೆ ರಷ್ಯಾದಿಂದ ಬರಬೇಕಿದ್ದ ಉಕ್ಕು ಬರಲಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಪ್ರಯೋಗಾಲಯ ಮತ್ತು ಸರ್ಕಾರಿ ಉಕ್ಕು ಕಂಪನಿ ಸೈಲ್ ಸೇರಿ ಡಿಎಂಆರ್-249 ಅನ್ನುವ ಉಕ್ಕನ್ನು ಇಲ್ಲೇ ತಯಾರಿಸಿದವು. ನನಗೆ ಇಡೀ ಹಡಗಿಗಿಂತ ದೊಡ್ಡದಾಗಿ ಕಾಣುವುದು ಇದು, ಯಾಕೆಂದರೆ ಆ ಉಕ್ಕು ಈಗ ಉಳಿದ ಯುದ್ಧನೌಕೆಗಳಿಗೂ ಹೋಗುತ್ತಿದೆ. ಸುಮಾರು 20,000 ಕೋಟಿ ರೂಪಾಯಿ ಹಿಡಿಯಿತು, ತಡವಾಯಿತು, 2022ರ ಸೆಪ್ಟೆಂಬರ್ 2ರಂದು ಸೇವೆಗೆ ಬಂತು. ತಡವಾದರೂ ದುಡ್ಡಿನ ಬಹುಪಾಲು ಇಲ್ಲೇ ಉಳಿಯಿತು. ವಿಕ್ರಮಾದಿತ್ಯನ ದುರಸ್ತಿಯ 1,207 ಕೋಟಿ ಕರಾರೂ 2024ರಲ್ಲಿ ಕೊಚ್ಚಿಗೇ ಸಿಕ್ಕಿತು.

ಅದಕ್ಕೇ ನನ್ನ ವಾದ: ಹೊರಗಿನಿಂದ ಒಡಲು ಬೇಡ. ಕೊಚ್ಚಿಯ ವೆಲ್ಡರುಗಳು, ಪೈಪ್ ಫಿಟ್ಟರುಗಳು ಚದುರಿ ಹೋಗುವ ಮೊದಲು ವಿಕ್ರಾಂತ್‌ನಂಥದೇ ಇನ್ನೊಂದಕ್ಕೆ ಆರ್ಡರ್ ಕೊಡಬೇಕು. ಕೈ ಬಿಟ್ಟುಹೋದ ಕಸುಬು ವಾಪಸು ಬರಲು ಎಷ್ಟು ಕಾಲ ಹಿಡಿಯುತ್ತದೆ ಅನ್ನುವುದನ್ನು ಉಗಿ ಎಂಜಿನ್ ಕೆಲಸಗಾರರು ನಿವೃತ್ತರಾದಾಗ ಹತ್ತಿರದಿಂದ ಕಂಡಿದ್ದೇನೆ. 'ಆ ದುಡ್ಡಿನಾಗ ಜಲಾಂತರ್ಗಾಮಿ ಮಾಡ್ರಿ' ಅನ್ನುವವರೂ ಇದ್ದಾರೆ, ಅವರದೂ ಪೂರಾ ತಪ್ಪಲ್ಲ. (ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ ಇನ್ನೂ ಕಾಗದದ ಮೇಲಿರುವಾಗ ನಾವು ಹಡಗಿನ ಮಾತಾಡುತ್ತಿದ್ದೇವೆ, ಅದು ಬೇರೆ ಜಗಳ ಬಿಡಿ.)

ಹೊರಗಿನಿಂದ ತರಲೇಬೇಕಾದದ್ದು ಸದ್ಯಕ್ಕೆ ವಿಮಾನ. ಈಗ ನಮ್ಮ ಹಡಗುಗಳ ಮೇಲಿರುವ ರಷ್ಯಾದ ಮಿಗ್-29ಕೆ ವಿಮಾನಗಳ ತೊಂದರೆಗಳನ್ನು ಸಿಎಜಿ 2016ರಲ್ಲೇ ಪಟ್ಟಿ ಮಾಡಿದೆ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಜತೆ ಸುಮಾರು 63,000 ಕೋಟಿಗೆ 26 ರಫೇಲ್-ಎಂ ಕೊಳ್ಳುವ ಸಹಿ ಆಯಿತು, ಅವು ಬರಲು ಶುರುವಾಗುವುದು 2028ಕ್ಕೆ. ಅದರಲ್ಲೂ 4 ತರಬೇತಿಗೆ. ಮಿಕ್ಕ 22ರಲ್ಲಿ ಎರಡು ಡೆಕ್ ತುಂಬುವುದಿಲ್ಲ. ಮೂರನೆಯ ಹಡಗಿನ ಮೇಲೆ ಏನು ನಿಲ್ಲಿಸುತ್ತೀರಿ ಅನ್ನುವ ಪ್ರಶ್ನೆಯನ್ನು ದಿಲ್ಲಿಯವರಿಗೆ ಈಗಲೇ ಕೇಳಬೇಕು.