ಬಿಯರಿನ ನಡುವೆ ಒಂದಿಷ್ಟು ರಗ್ಬಿ

ಲಂಡನ್ನಿನ ಟ್ವಿಕೆನಮ್ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ತಂಡದ ರಗ್ಬಿ ನೋಡಲು ಹೊರಟವರು ಮೊದಲು ಒಂದು ಲೆಕ್ಕ ಹಾಕಿಕೊಳ್ಳಬೇಕು. ನಿಮ್ಮ ಸೀಟು ಮೆಟ್ಟಿಲಿನ ಪಕ್ಕದ್ದು, ನಿಮ್ಮಿಂದ ಒಳಗೆ ಹತ್ತು ಜನ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರೂ ಬಿಯರ್ ತರಲು ಒಮ್ಮೆ, ಕುಡಿದದ್ದನ್ನು ಇಳಿಸಿ ಬರಲು ಇನ್ನೊಮ್ಮೆ ಎದ್ದರೂ, ಹೋಗುವಾಗ ಬರುವಾಗ ಸೇರಿ ನೀವು 40 ಸಲ ಏಳಬೇಕು. ಆಟ 80 ನಿಮಿಷದ್ದಾದರೂ ಚೆಂಡು ನಿಜವಾಗಿ ಆಟದಲ್ಲಿರುವುದು ಹೆಚ್ಚೂಕಡಿಮೆ 35-40 ನಿಮಿಷ. ಅಂದರೆ ನಿಮಿಷಕ್ಕೊಂದು ಬಸ್ಕಿ. ಶಾಲೆಯಲ್ಲಿ ಇದಕ್ಕೆ ಶಿಕ್ಷೆ ಎನ್ನುತ್ತಿದ್ದರು. ಇಲ್ಲಿ ನೂರು ಪೌಂಡಿಗೂ ಮೇಲೆ ತೆತ್ತು ಮಾಡುವವರಿದ್ದಾರೆ.

ವಿರಾಮದಲ್ಲಿ ಹೋಗಿ ತರಬಾರದೇ? ವಿರಾಮದಲ್ಲಿ ಕ್ಯೂ ಉದ್ದ. ಅದಕ್ಕೇ ಜಾಣರು 35ನೇ ನಿಮಿಷಕ್ಕೆ ಎದ್ದು 50ನೇ ನಿಮಿಷಕ್ಕೆ ಮರಳುತ್ತಾರೆ. ಎಲ್ಲರೂ ಜಾಣರೇ ಆದ್ದರಿಂದ 35ನೇ ನಿಮಿಷಕ್ಕೂ ಕ್ಯೂ ಅಷ್ಟೇ ಉದ್ದ. ಕೈಯಲ್ಲಿ ನಾಲ್ಕು ಗುಳಿಯ ರಟ್ಟಿನ ಟ್ರೇ. ಒಂದು ಪೈಂಟ್ 568 ಮಿಲಿಲೀಟರ್, ನಾಲ್ಕಕ್ಕೆ ಎರಡು ಕಾಲು ಲೀಟರ್. ನೆನೆದ ರಟ್ಟು ನಡುವೆ ಬಾಗುತ್ತದೆ, ಹೊತ್ತವನು ಟ್ರೇ ನೋಡುತ್ತಾನೆ, ನೀವು ಅವನ ಬೆನ್ನು ನೋಡುತ್ತೀರಿ. ಟ್ರೈ, ಅಂದರೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸುವುದು, ಬಿದ್ದದ್ದು ಇಬ್ಬರಿಗೂ ತಿಳಿಯುವುದು ಕೂಗು ಕೇಳಿದ ಮೇಲೆ. ಪಂಕ್ತಿಯ ನಡುವೆ ಊಟ ಬಿಟ್ಟು ಎದ್ದರೆ ನಮ್ಮಲ್ಲಿ ಅಜ್ಜಿಯರು ಕಣ್ಣು ಬಿಡುತ್ತಾರೆ. ಟ್ವಿಕೆನಮ್‌ಗೆ ಅಂಥ ಇಬ್ಬರು ಅಜ್ಜಿಯರು ಸಾಕಿತ್ತು.

ಇದೇ ಇಂಗ್ಲೆಂಡಿನಲ್ಲಿ, 1985ರ ಕಾನೂನಿನ ಪ್ರಕಾರ, ದೊಡ್ಡ ಫುಟ್‌ಬಾಲ್ ಪಂದ್ಯದಲ್ಲಿ ಮೈದಾನ ಕಾಣುವ ಸೀಟಿನಲ್ಲಿ ಕೂತು ಮದ್ಯ ಕುಡಿದರೆ ಅಪರಾಧ. ರಗ್ಬಿಗೆ ಅದು ಅನ್ವಯಿಸುವುದಿಲ್ಲ. ಚೆಂಡು ಗುಂಡಗಿದ್ದರೆ ಕುಡಿದವನು ಪುಂಡ, ಮೊಟ್ಟೆಯಂತಿದ್ದರೆ ಸಭ್ಯ.

ಕದಲದೆ ಕೂತವರಿಗಾದರೂ ಎಲ್ಲ ಕಾಣುತ್ತದೆಯೇ ಎಂದರೆ, ಸ್ಕ್ರಮ್ ಇದೆಯಲ್ಲ. ಎಂಟು ಜನರ ಎದುರು ಎಂಟು ಜನ, ಬಗ್ಗಿ ಹೆಗಲು ಕೊಟ್ಟು ಚೆಂಡಿಗಾಗಿ ನೂಕಾಟ. ರೆಫ್ರಿ 'ಕ್ರೌಚ್, ಬೈಂಡ್, ಸೆಟ್' (ಬಗ್ಗಿ, ಹಿಡಿಯಿರಿ, ಕೂಡಿ) ಎನ್ನುತ್ತಾನೆ. ಮುಂದಿನ ಸಾಲಿನ ಅಂಚಿನಲ್ಲಿರುವ ಆಟಗಾರ, ಪ್ರಾಪ್‌ನ ಹಿಡಿತ ಜಾರುತ್ತದೆ, ಇಲ್ಲವೇ ಅವನು ಓರೆಯಾಗಿ ನುಗ್ಗುತ್ತಾನೆ, ರಾಶಿ ಕುಸಿಯುತ್ತದೆ. ಎಲ್ಲರೂ ಎದ್ದು ಮೈ ಕೊಡವಿಕೊಂಡು ಮೊದಲಿಂದ ಶುರು. ಮತ್ತೆ ಕುಸಿದರೆ ಪೆನಾಲ್ಟಿ. ಯಾರ ತಪ್ಪು? ರಾಶಿಯ ಅಡಿಯಲ್ಲಿದ್ದವರಿಗೆ ಗೊತ್ತು, ಅವರು ಹೇಳುವುದಿಲ್ಲ. ರೆಫ್ರಿ ಊಹಿಸುತ್ತಾನೆ. 82,000 ಜನ ಪಕ್ಕದವರ ಮುಖ ನೋಡುತ್ತಾರೆ. ರೆಫ್ರಿಯ ಮಾತು ಕೇಳಿಸುವ ಪುಟ್ಟ ರೇಡಿಯೋ ಮಾರುವುದು ಇದೇ ಕಾರಣಕ್ಕೆ. ಕಣ್ಣೆದುರಿನ ಆಟ ಅರ್ಥವಾಗಲು ಕಿವಿಗೆ ಬೇರೆ ದುಡ್ಡು.

ದೂರುವ ಮುನ್ನ ವಂಶಾವಳಿ ನೋಡಬೇಕು. ಇಂಗ್ಲೆಂಡ್-ಸ್ಕಾಟ್ಲೆಂಡ್ ಪಂದ್ಯದ ಬಹುಮಾನ ಕಲ್ಕತ್ತಾ ಕಪ್. 1873ರಲ್ಲಿ ಕಲ್ಕತ್ತೆಯ ಆಂಗ್ಲರು ರಗ್ಬಿ ಕ್ಲಬ್ ಕಟ್ಟಿದರು. ಪುಕ್ಕಟೆ ಬಾರ್ ನಿಂತುಹೋದದ್ದೇ ತಡ, ಸದಸ್ಯರು ಕರಗಿದರು ಎಂಬುದು ಕ್ಲಬ್ಬಿನ ಬಗ್ಗೆ ಎಲ್ಲರೂ ಹೇಳುವ ಕತೆ. ಉಳಿದವರು ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿ ತೆಗೆದು, 270 ನಾಣ್ಯ ಕರಗಿಸಿ, ಮೂರು ನಾಗರಹಾವಿನ ಹಿಡಿ, ಮುಚ್ಚಳದ ಮೇಲೊಂದು ಆನೆ ಇರುವ ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳಿಸಿದರು. ನಮ್ಮ ನೆಲದ ಬೆಳ್ಳಿ, ಅವರ ಬಾಯಾರಿಕೆ.

2025ರಲ್ಲಿ ಇದೇ ಕಪ್ಪಿಗಾಗಿ ಟ್ವಿಕೆನಮ್‌ನಲ್ಲಿ ಸೆಣಸಾಟ. ಕೊನೇ ಗಳಿಗೆಯಲ್ಲಿ ಸ್ಕಾಟ್ಲೆಂಡಿನ ಟ್ರೈ, ಅದರ ಬೆನ್ನಿಗೆ ಹೆಚ್ಚುವರಿ ಅಂಕಕ್ಕೆ ಒದೆಯುವ, ಗೆಲ್ಲಿಸಬೇಕಿದ್ದ ಕನ್ವರ್ಷನ್ ಕಂಬದಾಚೆಗೆ, ಇಂಗ್ಲೆಂಡಿಗೆ 16-15. ಆ ಒದೆತ ಬಿದ್ದಾಗ ಶೌಚಾಲಯದ ಸಾಲಿನಲ್ಲಿ ನಿಂತಿದ್ದವರಿಗೆ ಸಂತಾಪ.

ಕಪ್ ಮಾತ್ರ ಶಿಸ್ತಿನದು. 1988ರಲ್ಲಿ ಅದು ಆಟಗಾರರ ಜೊತೆ ಎಡಿನ್‌ಬರೋ ಬೀದಿಗಳಲ್ಲಿ ಸುತ್ತಿ ಜಜ್ಜಿಕೊಂಡು ಬಂದದ್ದು ನಿಜ. ಆದರೆ ಹೊರಟದ್ದು ಪಂದ್ಯ ಮುಗಿದ ಮೇಲೆ.