ನಿಮ್ಮಲ್ಲಿ ಎಷ್ಟು ಸೆಂಟ್?

ಜನವರಿಯ ಒಂದು ಭಾನುವಾರ, ಮಧ್ಯಾಹ್ನ ಎರಡೂವರೆಗೆ, ನಮ್ಮ ಕಣದಲ್ಲಿ ಮಳೆ ಬರುತ್ತಿದೆಯೆಂದು ಬೆಂಗಳೂರಿನಿಂದ ಫೋನ್ ಬಂತು. ನಾನು ಆಗ ಅದೇ ಕಣದಲ್ಲಿ, ಮೂಡಿಗೆರೆಯ ನೆತ್ತಿ ಸುಡುವ ಬಿಸಿಲಿನಲ್ಲಿ, ಹಣ್ಣಿನ ಸಿಪ್ಪೆ ಸುಲಿದು ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ ಕೈಯಾಡಿಸುತ್ತ ನಿಂತಿದ್ದೆ. ಫೋನ್ ಮಾಡಿದವನು ಹೆಂಡತಿಯ ತಮ್ಮ.

“ಭಾವ, ಮೊಬೈಲಿನ ಮಳೆ ನಕ್ಷೆಯಲ್ಲಿ ನಿಮ್ಮ ತೋಟದ ಮೇಲೆ ನೀಲಿ ಬಂದಿದೆ. ಬೇಗ ಟಾರ್ಪಾಲು ಹೊದಿಸಿ.”

“ಇಲ್ಲಿ ಚೆನ್ನಾಗಿ ಬಿಸಿಲಿದೆಯಪ್ಪ” ಎಂದೆ.

ಅವನು ಒಂದು ಕ್ಷಣ ಸುಮ್ಮನಿದ್ದು, “ಸರಿಯಾಗಿ ನೋಡಿದಿರಾ?” ಎಂದು ಕೇಳಿದ.

ಬೈಯಬೇಕೆನಿಸಿತು. ಆದರೆ ಬೈಯುವ ಹಕ್ಕು ನನಗೂ ಇಲ್ಲ. ನಮ್ಮ ಮನೆಯಲ್ಲಿ ಮೂರು ಮೊಬೈಲುಗಳಿವೆ, ಮೂರರಲ್ಲಿ ಮೂರು ಆಕಾಶಗಳು. ಕಾಫಿ ಒಣಗಿಸುವಾಗ ಹೆಂಡತಿಯ ಮೊಬೈಲನ್ನು ನಂಬುತ್ತೇವೆ. ಅದು ಸದಾ ಬಿಸಿಲಿನ ಪಕ್ಷ. ಮುಳ್ಳಯ್ಯನಗಿರಿ ನೋಡಲು ವಾರಾಂತ್ಯಕ್ಕೆ ಬರುತ್ತೇವೆಂದು ದೂರದ ನೆಂಟರು ಹೇಳಿದಾಗ ನನ್ನದನ್ನು ತೆರೆದು, ಗುಡುಗುಸಹಿತ ಭಾರಿ ಮಳೆ ಎಂದು ಓದಿ ಹೇಳುತ್ತೇನೆ. ಮಗನಿಗೆ ಬೇಕಿರುವುದು ಜುಲೈ ತಿಂಗಳ ಕೆಂಪು ಬಣ್ಣವೊಂದೇ. ಅದು ಕಾಣಿಸಿದ ರಾತ್ರಿ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೋ ಇಲ್ಲವೋ ಎಂದು ಹನ್ನೊಂದರವರೆಗೂ ಕಾಯುತ್ತಾನೆ. ಮನೆಪಾಠ ಮಾಡಿರುವುದಿಲ್ಲ.

ಈ ರೋಗ ಮೊಬೈಲಿನಿಂದ ಬಂದದ್ದೆಂದು ಹೇಳಿದರೆ ಅಪ್ಪನಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಅಪ್ಪನ ಬಳಿ ಮಳೆ ಅಳೆಯುವ ತಗಡಿನ ಡಬ್ಬಿಯೊಂದಿತ್ತು. ಪ್ರತಿದಿನ ಬೆಳಗ್ಗೆ ಎಂಟೂವರೆಗೆ ಅದರ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಡೈರಿಯಲ್ಲಿ ಬರೆಯುತ್ತಿದ್ದರು. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಗಿದ್ದರೂ ತೋಟದವರ ಮಳೆ ಇವತ್ತಿಗೂ ಇಂಚು, ಸೆಂಟ್‌ಗಳಲ್ಲೇ ಬೀಳುತ್ತದೆ. ನೂರು ಸೆಂಟಿಗೆ ಒಂದಿಂಚು. ಬರೆದದ್ದಾದ ಮೇಲೆ ನಿಜವಾದ ಕೆಲಸ: ಹಳ್ಳದ ಆಚೆಯ ತೋಟಕ್ಕೆ ಫೋನ್. “ನಿಮ್ಮಲ್ಲಿ ಎಷ್ಟು?” ಈ ಆಟದಲ್ಲಿ ಮೊದಲು ಅಂಕಿ ಹೇಳಿದವನು ಸೋತ. ಆದ್ದರಿಂದ ಇಬ್ಬರೂ ಕಾಲು ಗಂಟೆ ಆಳುಗಳ ಸಂಬಳ, ಕಾಳುಮೆಣಸಿನ ಧಾರಣೆ, ಕೊಟ್ಟಿಗೆಹಾರದ ರಸ್ತೆ ಎಲ್ಲವನ್ನೂ ಮಾತಾಡಿ, ಕಡೆಗೆ ಏನೋ ನೆನಪಾದವರಂತೆ ಮಳೆಗೆ ಬರುತ್ತಿದ್ದರು. ಆಚೆಯವರು ಹೇಳಿದ ಅಂಕಿಯನ್ನೂ ಅಪ್ಪ ಡೈರಿಯಲ್ಲಿ ಬರೆಯುತ್ತಿದ್ದರು, ಪೆನ್ಸಿಲಿನಲ್ಲಿ. ನಮ್ಮದು ಶಾಯಿಯಲ್ಲಿ.

ಒಂದು ಮಾರ್ಚಿನಲ್ಲಿ ಹೂಮಳೆಗಾಗಿ ಎಲ್ಲರೂ ಮುಗಿಲು ನೋಡುತ್ತಿದ್ದರು. ಸ್ಪ್ರಿಂಕ್ಲರ್ ಹಾಕುವಷ್ಟು ನೀರು ಹಳ್ಳದಲ್ಲಿತ್ತು. ನಾಳೆ ಮಳೆ ಬಂದರೆ ಇವತ್ತಿನ ಡೀಸೆಲ್ ದಂಡವೆಂಬ ಲೆಕ್ಕದಲ್ಲಿ ಅಪ್ಪ ಹಾಕಿಸಲಿಲ್ಲ. ರಾತ್ರಿ ಗುಡುಗಿತು. ಬೆಳಗ್ಗೆ ನಮ್ಮ ಲೋಟದಲ್ಲಿ ಎಂಟು ಸೆಂಟ್. ಕಾಫಿ ಮೊಗ್ಗು ನೆಟ್ಟಗೆ ಅರಳಬೇಕಾದರೆ ಒಂದಿಂಚಾದರೂ ಬೇಕು. ಎಂಟು ಸೆಂಟೆಂದರೆ, ಉಣ್ಣಲು ಕರೆದು ಬರೀ ಉಪ್ಪಿನಕಾಯಿ ಬಡಿಸಿದ ಹಾಗೆ. ಹಳ್ಳದ ಆಚೆ ಒಂದಿಂಚು ಇಪ್ಪತ್ತು.

ಅಪ್ಪ ನಂಬಲಿಲ್ಲ. ಅವರ ಡಬ್ಬಿ ಸೂರಿನ ಕೆಳಗಿರಬೇಕು, ಹೆಂಚಿನ ನೀರು ಅದರೊಳಗೆ ಬಿದ್ದಿರಬೇಕು ಎಂದರು. ಏಣಿ ಕೇಳುವ ನೆಪದಲ್ಲಿ ಹಳ್ಳ ದಾಟಿ ಹೋದರು. ಒಂದು ಗಂಟೆಯ ಮೇಲೆ ಏಣಿ ಹೊತ್ತುಕೊಂಡು ಬಂದರು. ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಏಣಿ ಎರಡಿದ್ದವು. “ಡಬ್ಬಿ ಬಯಲಲ್ಲೇ ಇದೆ” ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದರು.

ಎಂಟೊಂಬತ್ತು ದಿನ ಕಳೆದ ಮೇಲೆ ಆಚೆಯ ತೋಟ ಪೂರ್ತಿ ಬೆಳ್ಳಗಾಯಿತು. ಈಚೆ ನಮ್ಮ ಗಿಡಗಳು ಹಸಿರುಹಸಿರಾಗಿ, ಯಾರ ಮದುವೆಗೂ ಕರೆಯಿಲ್ಲದವರಂತೆ ನಿಂತಿದ್ದವು. ಕಾಫಿ ಹೂವಿನ ಪರಿಮಳ ಮಲ್ಲಿಗೆಯಂಥದು, ಹಳ್ಳಗಿಳ್ಳ ಲೆಕ್ಕಿಸುವುದಿಲ್ಲ. ಸಂಜೆ ಗಾಳಿಗೆ ಅದು ನಮ್ಮ ಜಗಲಿಯವರೆಗೆ ಬಂತು. ಅಮ್ಮ “ಆಹಾ” ಎಂದರು. ಅಪ್ಪ ಎದ್ದು ಒಂದೊಂದಾಗಿ ಕಿಟಕಿಗಳನ್ನೆಲ್ಲ ಮುಚ್ಚಿದರು. ಸೆಖೆಯಲ್ಲಿ ನಾಲ್ಕು ರಾತ್ರಿ ಮಲಗಿದೆವು. ಏಣಿ ಈಗಲೂ ನಮ್ಮಲ್ಲೇ ಇದೆ.

ಇಷ್ಟೆಲ್ಲ ಹೇಳಲು ಹೊರಟದ್ದು ಬೇರೆ ಯಾವುದಕ್ಕೋ. ಹೌದು, ಬಣ್ಣ. ಹಳ್ಳದ ಎರಡು ದಡಕ್ಕೆ ಒಂದೇ ಮಳೆಯಿಲ್ಲದ ಸೀಮೆಯಲ್ಲಿ ಇಡೀ ಚಿಕ್ಕಮಗಳೂರು ಜಿಲ್ಲೆಗೆ ಮಳೆ ಎಚ್ಚರಿಕೆಯ ಒಂದೇ ಹಳದಿ ಬಳಿಯುತ್ತಾರೆ. ಕಡೂರಿನವನು ಆ ಹಳದಿ ನೋಡಿ ತೆಂಗಿನ ಬುಡ ಕೆದಕಿಸಿ ಕಾಯುತ್ತಾನೆ, ಧೂಳೇ ಗತಿ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಅದು ಭಾರಿ ಮಳೆ, ಅಂದರೆ ಸುಮಾರು ಎರಡೂವರೆ ಇಂಚು. ಜುಲೈನಲ್ಲಿ ಚಾರ್ಮಾಡಿಯ ಅಂಚಿನವರು ಅಷ್ಟಕ್ಕೆ ಕಂಬಳಿಯನ್ನೂ ಹುಡುಕುವುದಿಲ್ಲ. ಇನ್ನು ಈ ‘ಮಳೆಯ ಸಾಧ್ಯತೆ ಶೇಕಡಾ 40’! ನಲವತ್ತು ಎಂದು ಓದಿದ ಮನುಷ್ಯ ಟಾರ್ಪಾಲನ್ನು ಶೇಕಡಾ ನಲವತ್ತರಷ್ಟು ಹೊದಿಸಬೇಕೇ? ಹಿಂದಿನವರದು ಮೇಲು. ರೋಹಿಣಿ ಮಳೆ ಹುಟ್ಟಿತು, ಆರಿದ್ರಾ ಹುಟ್ಟಿತು ಎನ್ನುತ್ತಿದ್ದರು. ಪಂಚಾಂಗದಲ್ಲಿ ಹುಟ್ಟಿದ ಮಳೆ ಗದ್ದೆಗೆ ಬರದೆ ಹೋದರೆ ಯಾರೂ ಪಂಚಾಂಗ ಬರೆದವರನ್ನು ಬೈಯುತ್ತಿರಲಿಲ್ಲ, ನಮ್ಮ ಪಾಪ ಎಂದು ಸುಮ್ಮನಾಗುತ್ತಿದ್ದರು. ಈಗ ಪಾಪವನ್ನೂ ಮೊಬೈಲಿಗೇ ಕೊಟ್ಟಿದ್ದೇವೆ.

ಆ ಭಾನುವಾರ ನಾಲ್ಕು ಗಂಟೆಗೆ ಗಾಳಿ ತಿರುಗಿತು. ಏಣಿಯ ಮೇಲಿದ್ದ ಟಾರ್ಪಾಲನ್ನು ಎಳೆದು ಅರ್ಧ ಕಣ ಮುಚ್ಚುವಷ್ಟರಲ್ಲಿ ದಪ್ಪ ಹನಿಗಳು ಬಿದ್ದವು. ನಾನು, ಹೆಂಡತಿ, ಮಗ ಮೂವರೂ ತೊಪ್ಪೆಯಾಗಿ ಶೀಟಿನ ಕೆಳಗೆ ನಿಂತಿದ್ದಾಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

“ಭಾವ, ಮಳೆ ಬಂತಾ?”

“ಒಂದು ಹನಿಯೂ ಇಲ್ಲ.”

“ಮತ್ತೆ ಅದೇನು ಶಬ್ದ?”

“ಹಣ್ಣು ಸುಲಿಯುವ ಪಲ್ಪರ್ ಓಡುತ್ತಿದೆ.”

“ಭಾನುವಾರವೂ?”

“ಈ ಸಲ ಹಣ್ಣು ಜಾಸ್ತಿಯಪ್ಪ” ಎಂದೆ. ಹೆಂಡತಿ ಸೆರಗು ಹಿಂಡುತ್ತ ನನ್ನನ್ನೇ ನೋಡುತ್ತಿದ್ದಳು.