ಹುಡುಕಿದರೆ ಸಿಗದ ಪುಸ್ತಕ ಇದ್ದೇನು ಬಂತು?

ನಿನ್ನೆ ಶಾಲಾ ಗ್ರಂಥಾಲಯ ನೋಡಿಕೊಳ್ಳುವವರಿಗೆ ಒಂದು ಆನ್‌ಲೈನ್ ತರಬೇತಿ ಇತ್ತು. ಇನ್ನೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಡೀ ಮಧ್ಯಾಹ್ನ ಕೂತು ಕೇಳಿದ ಮೇಲೆ ಕೈಗೆ ಬಂದಿದ್ದು ಒಂದು ಡ್ರೈವ್ ಲಿಂಕ್. ಅದರಲ್ಲಿ ಸಾವಿರಾರು ಪಿಡಿಎಫ್. "ಎಲ್ಲರೂ ಡೌನ್‌ಲೋಡ್ ಮಾಡಿಕೊಳ್ಳಿ, ಮಕ್ಕಳ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಹಾಕಿದ ಸ್ಕ್ರೀನ್‌ಶಾಟ್ ನಾಳೆ ಸಂಜೆಯೊಳಗೆ ಕಳಿಸಿ. ಅಲ್ಲಿಗೆ ನಿಮ್ಮದು ಡಿಜಿಟಲ್ ಗ್ರಂಥಾಲಯ ಆಯಿತು" ಅಂದರು. ತರಬೇತಿಯ ಗ್ರೂಪಿನ ತುಂಬಾ ಚಪ್ಪಾಳೆ.

ಲಿಂಕ್ ತೆರೆದು ನೋಡಿದೆ. ಫೈಲುಗಳ ಹೆಸರು 'ಸ್ಕ್ಯಾನ್ 0047', 'ಕಥೆ ಹೊಸದು', 'ಫೈನಲ್ 2'. ಬರೆದವರು ಯಾರು, ಯಾವ ಕ್ಲಾಸಿನ ಮಗುವಿಗೆ, ಒಂದಕ್ಕೂ ಗುರುತಿಲ್ಲ. ಒಂದನ್ನು ತೆರೆದರೆ ಪುಟವೆಲ್ಲ ಓರೆ. ಸ್ಕ್ಯಾನ್ ಮಾಡಿದವರ ಹೆಬ್ಬೆರಳು ಮೂರು ಸಾಲು ಮುಚ್ಚಿಕೊಂಡು ಕೂತಿದೆ. ಆ ಒಂದು ಫೈಲೇ 90 ಎಂಬಿ. ನಮ್ಮ ಶಾಲೆಗೆ ಎಂಥ ಮನೆಗಳಿಂದ ಮಕ್ಕಳು ಬರುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಮನೆಗೆಲ್ಲ ಸೇರಿ ಇರೋದು ಅಪ್ಪನ ಒಂದು ಫೋನು, ಅದು ಮನೆ ಸೇರೋದು ರಾತ್ರಿ ಎಂಟರ ಮೇಲೆ, ಅಷ್ಟು ಹೊತ್ತಿಗೆ ಆ ದಿನದ ಡೇಟಾ ಉಳಿದಿದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ಅಂಥ ಮಗು 'ಸ್ಕ್ಯಾನ್ 0047' ಅನ್ನೋದನ್ನ ಯಾಕೆ ತೆರೆಯಬೇಕು?

ನಾನು ಹೈಸ್ಕೂಲಲ್ಲಿದ್ದಾಗ ಪುಸ್ತಕದ ಬೀರುವಿನ ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲಿರುತ್ತಿತ್ತು. ಗಾಜಿನ ಆಚೆ ಕಾಣುತ್ತಿದ್ದ ಹೆಸರುಗಳನ್ನು ಓದಿಕೊಂಡೇ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ಈ ಕೆಲಸ ಹಿಡಿದಿದ್ದೇ ಆ ಸಿಟ್ಟಿಗೆ. ನಿನ್ನೆಯ ಡ್ರೈವ್ ನೋಡಿದಾಗ ಅದೇ ಬೀರು ಕಣ್ಣ ಮುಂದೆ ಬಂತು. ಪುಸ್ತಕ ಇದೆ ಅಂತ ಲೆಕ್ಕ ಕೊಡಬಹುದು, ಮಗುವಿನ ಕೈಗೆ ಮಾತ್ರ ಸಿಗಲ್ಲ.

ನಮ್ಮ ಗ್ರಂಥಾಲಯದ ಕಥೆಯನ್ನೇ ಹೇಳುತ್ತೇನೆ. ನನಗಿಂತ ಮುಂಚೆ ಇದ್ದವರು ಪಾಪ ಕಷ್ಟಪಟ್ಟು ಇಡೀ ಆಕ್ಸೆಷನ್ ರಿಜಿಸ್ಟರನ್ನು, ಅಂದರೆ ಗ್ರಂಥಾಲಯಕ್ಕೆ ಬಂದ ಪುಸ್ತಕಗಳ ಪಟ್ಟಿಯನ್ನು, ಎಕ್ಸೆಲ್‌ಗೆ ಹಾಕಿದ್ದರು. ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ ನಿಜ, ಆದರೆ ಫೋನಿನ ಕೀಬೋರ್ಡಿನಲ್ಲಿ 'ಕುವೆಂಪು' ಅಂತ ಹುಡುಕಿದರೆ ಒಂದೂ ಇಲ್ಲ ಅನ್ನುತ್ತದೆ. ಕಪಾಟಿನಲ್ಲಿ ನೋಡಿದರೆ ಒಂದು ಸಾಲು ಕುವೆಂಪು! ನುಡಿಯಂಥ ಹಳೆಯ ಆಸ್ಕಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಕಂಪ್ಯೂಟರಿಗೆ ಅದು ಕನ್ನಡ ಅಂತಲೇ ಗೊತ್ತಿರುವುದಿಲ್ಲ. ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಕೇತ ಇರುವ ಯೂನಿಕೋಡ್‌ಗೆ ಬದಲಾಯಿಸಿದರೆ ಮಾತ್ರ ಹುಡುಕಾಟ ನಡೆಯುತ್ತದೆ. ಅದಕ್ಕೆ ಕನ್ವರ್ಟರ್ ಪುಕ್ಕಟೆಯಾಗಿ ಸಿಗುತ್ತದೆ. ಬದಲಾಯಿಸಿದ ಮೇಲೆ ಒಮ್ಮೆ ಕಣ್ಣಾಡಿಸಬೇಕು, ಅರ್ಕಾವತ್ತು ಒತ್ತಕ್ಷರಗಳು ಕೆಲವು ಕಡೆ ಜಾಗ ತಪ್ಪಿರುತ್ತವೆ. ತರಬೇತಿಯಲ್ಲಿ ಇದರ ಬಗ್ಗೆ ಒಂದು ಮಾತಿಲ್ಲ. ಎಷ್ಟು ಶಾಲೆಗಳ ಪಟ್ಟಿ ಇವತ್ತಿಗೂ ಹೀಗೇ ಕುರುಡಾಗಿ ಕೂತಿದೆಯೋ.

ಬದಲಾಯಿಸಿದ ಮೇಲೆ ನಾನು ಇನ್ನೊಂದು ಕಾಲಂ ಸೇರಿಸಿದೆ. ಮಕ್ಕಳು ಏನಂತ ಕೇಳುತ್ತಾರೋ ಆ ಮಾತುಗಳೇ ಅದರಲ್ಲಿ: ಹಾವು, ದೆವ್ವ, ರಾಕೆಟ್, ಕ್ರಿಕೆಟ್, ನಗು ಬರೋದು. ಪುಸ್ತಕಗಳಿಗೆ ವಿಷಯವಾರು ನಂಬರು ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ನಂಬರು 894.814. ಅದು ನನಗೆ ಬೇಕು, ಆರನೇ ಕ್ಲಾಸಿನ ಹುಡುಗನಿಗೆ ಬೇಡ. ಅವನು ಬಂದು 'ಹಾವು' ಅಂತ ಟೈಪ್ ಮಾಡುತ್ತಾನೆ. ಹೆಸರಿನಲ್ಲಿ ಹಾವೇ ಇಲ್ಲದ ಪುಸ್ತಕವೂ ಸಿಗುತ್ತದೆ, ಅದು ಯಾವ ಕಪಾಟು, ಎಷ್ಟನೇ ಸಾಲು ಅನ್ನುವುದೂ ಸಿಗುತ್ತದೆ. ತಾನೇ ಹೋಗಿ ತೆಗೆದುಕೊಂಡು ಬರುತ್ತಾನೆ. ಆ ಮುಖ ನೋಡಬೇಕು ನೀವು.

ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಹೇಳಿದ್ದು ಇದನ್ನೇ ಅಲ್ವಾ, ಓದುಗರ ಸಮಯ ಉಳಿಸಿ ಅಂತ. 1962ರಲ್ಲಿ ನಮ್ಮ ಬೆಂಗಳೂರಿನಲ್ಲೇ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದವರು ಅವರು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕು ಅಂತಲೂ ಹೆದರಬೇಡಿ. ಕೋಹಾ ಅನ್ನೋ ಗ್ರಂಥಾಲಯದ ಸಾಫ್ಟ್‌ವೇರ್ ಚೆನ್ನಾಗಿದೆ, ಪುಕ್ಕಟೆಯೂ ಹೌದು, ಕಾಲೇಜುಗಳಿಗೆ ಸರಿ. ಎರಡು ಸಾವಿರ ಪುಸ್ತಕ ಇರುವ ಶಾಲೆಗೆ ಒಂದು ಶೀಟ್ ಧಾರಾಳ. ಹೊಸ ಪುಸ್ತಕಗಳಿಗಾದರೆ ಪುಸ್ತಕದ ಗುರುತಿನ ನಂಬರು ಐಎಸ್‌ಬಿಎನ್ ಸ್ಕ್ಯಾನ್ ಮಾಡಿದರೆ ಎಷ್ಟೋ ಸಲ ವಿವರ ತಾನಾಗೇ ಬರುತ್ತದೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಬಹಳಷ್ಟಕ್ಕೆ ಆ ನಂಬರೇ ಇಲ್ಲ, ಕೂತು ಟೈಪ್ ಮಾಡಲೇಬೇಕು.

ಇನ್ನು ಆ ಡ್ರೈವ್‌ನಲ್ಲಿ ಇದ್ದಿದ್ದು ಯಾರ ಪುಸ್ತಕ? ನಮ್ಮ ಜಿಲ್ಲೆಯ ಒಬ್ಬ ಲೇಖಕಿಯ ಮಕ್ಕಳ ಕಾದಂಬರಿ ಕಂಡೆ. ಸ್ವಂತ ದುಡ್ಡು ಹಾಕಿ ಸಾವಿರ ಪ್ರತಿ ಅಚ್ಚು ಹಾಕಿಸಿದ್ದಾರೆ, ಇನ್ನೂ ಅರ್ಧ ಮನೆಯಲ್ಲೇ ಇವೆ. ಅವರನ್ನು ಒಂದು ಮಾತು ಕೇಳಿದ್ದಾರಾ? ನಮ್ಮಲ್ಲಿ ಕಾಪಿರೈಟ್ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬೇಂದ್ರೆ ತೀರಿಕೊಂಡಿದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ. ಪಂಜೆ ಮಂಗೇಶರಾಯರು 1937ರಲ್ಲೇ ಹೋದರು, ಅವರ ಶಿಶುಗೀತೆಗಳನ್ನು ಯಾರು ಬೇಕಾದರೂ ಹಂಚಬಹುದು. ಇಷ್ಟು ಲೆಕ್ಕ ಗ್ರಂಥಾಲಯದವರಿಗೇ ಗೊತ್ತಿರಬೇಡವಾ?

"ಶಿಕ್ಷಣಕ್ಕೆ ವಿನಾಯಿತಿ ಇದೆ ಮೇಡಂ" ಅಂದರು ಒಬ್ಬರು. ಇದೆ. ಪಾಠ ಮಾಡುವಾಗ ಬೇಕಾದ ಭಾಗ ನಕಲು ಮಾಡಿಕೊಳ್ಳಲು ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಬಿಡುತ್ತದೆ, 2016ರಲ್ಲಿ ದೆಹಲಿ ಹೈಕೋರ್ಟ್ ಕೋರ್ಸ್ ಪ್ಯಾಕ್ (ಪಾಠಕ್ಕೆ ಬೇಕಾದ ಭಾಗಗಳ ಜೆರಾಕ್ಸ್ ಕಟ್ಟು) ವಿಷಯದಲ್ಲಿ ಹೇಳಿದ್ದೂ ಅದೇ ಸೆಕ್ಷನ್ ಮೇಲೆ. ಇಡೀ ಕಾದಂಬರಿಯನ್ನು ಊರಿಗೆಲ್ಲ ಫಾರ್ವರ್ಡ್ ಮಾಡುವುದು ಯಾವ ಪಾಠ? "ಏನೂ ಇಲ್ಲದ್ದಕ್ಕಿಂತ ಇದು ವಾಸಿ" ಅಂತ ಇನ್ನೊಬ್ಬರು. ಏನೂ ಇಲ್ಲ ಅಂದವರು ಯಾರು?

ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲೇ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್ ಶುರು ಮಾಡಿದರು. ಕನ್ನಡದಲ್ಲಿ ರಾಶಿ ಕಥೆಗಳಿವೆ, ಚಿತ್ರ ಸಮೇತ. ಆಗ ತಾನೇ ಅಕ್ಷರ ಕೂಡಿಸುವ ಮಗುವಿನಿಂದ ಹಿಡಿದು ತಾನೇ ಓದಿಕೊಳ್ಳುವ ಮಗುವಿನವರೆಗೆ ನಾಲ್ಕು ಹಂತ. ಡೌನ್‌ಲೋಡ್ ಮಾಡಿ ಶಾಲೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ನೆಟ್ ಇಲ್ಲದ ದಿನವೂ ನಡೆಯುತ್ತದೆ. ಪ್ರಿಂಟ್ ಹಾಕಬಹುದು, ಅನುವಾದ ಮಾಡಬಹುದು, ಯಾರನ್ನೂ ಕೇಳಬೇಕಿಲ್ಲ. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಬೇಕು ಅಷ್ಟೇ. ನಾನು ಹಂತ ನೋಡಿ, ಓದಿ, ಆರಿಸಿ, ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ನಡುವೆ ಪಿನ್ ಹೊಡೆದು ಒಂದು ಬುಟ್ಟಿಯಲ್ಲಿ ಇಡುತ್ತೇನೆ. ಚಿತ್ರಕ್ಕೆ ಮಕ್ಕಳೇ ಬಣ್ಣ ಹಚ್ಚುತ್ತಾರೆ. ಹಚ್ಚಿದವರು ಕೊನೆಯ ಪುಟದಲ್ಲಿ ಚಿತ್ರಕಾರರ ಹೆಸರಿನ ಕೆಳಗೆ ತಮ್ಮ ಹೆಸರೂ ಬರೆಯುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿದೆ, ಮುಕ್ತ ಪುಸ್ತಕಗಳ ಜಾಲತಾಣ ಕನ್ನಡ ವಿಕಿಸೋರ್ಸ್‌ನಲ್ಲಿ ಅದರ ಸಂಪುಟಗಳಿವೆ. ನಿರಂಜನರ ಪುಸ್ತಕಗಳನ್ನೂ ಅವರ ಮನೆಯವರು ಹಾಗೇ ಬಿಟ್ಟುಕೊಟ್ಟಿದ್ದಾರೆ. ಪಾಠಕ್ಕೆ ಸರ್ಕಾರದ ದೀಕ್ಷಾ ಜಾಲತಾಣ ಇದೆ. ಇಷ್ಟೆಲ್ಲ ಕಾನೂನುಬದ್ಧವಾಗಿ ಕಣ್ಣೆದುರೇ ಇರುವಾಗ ಕದ್ದ ಪಿಡಿಎಫ್ ಯಾಕ್ರೀ ಹಂಚಬೇಕು?

ತರಬೇತಿ ಕೊನೆಯಲ್ಲಿ ಮೈಕ್ ಆನ್ ಮಾಡಿ ಕೇಳಿದೆ, "ಸರ್, ಇದರಲ್ಲಿ ಯಾವುದು ಐದನೇ ಕ್ಲಾಸಿಗೆ ಆಗುತ್ತದೆ?" "ಅದು ನಿಮ್ಮ ಕೆಲಸ ಮೇಡಂ" ಅಂದರು.

ಹೌದು, ಅದು ನನ್ನ ಕೆಲಸವೇ. ಓದುವುದು, ಆರಿಸುವುದು, ಇಂಥ ಮಗುವಿಗೆ ಇಂಥದ್ದು ಅಂತ ಕೊಡುವುದು. ಅದಕ್ಕೆ ಸಮಯ ಬೇಕು, ಜನ ಬೇಕು. ಬಹಳಷ್ಟು ಸರ್ಕಾರಿ ಶಾಲೆಗಳಲ್ಲಿ ಗ್ರಂಥಪಾಲಕರೇ ಇಲ್ಲ. ಕನ್ನಡ ಟೀಚರೋ ಪಿಟಿ ಮೇಷ್ಟ್ರೋ ಇನ್‌ಚಾರ್ಜ್. ಅವರಿಗೆ ತಮ್ಮ ಪಾಠ, ಬಿಸಿಯೂಟದ ಲೆಕ್ಕ, ಸಮೀಕ್ಷೆ ಮುಗಿಯುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಅವರ ತಲೆಗೆ ಸಾವಿರಾರು ಫೈಲು ಕಟ್ಟಿ ಸ್ಕ್ರೀನ್‌ಶಾಟ್ ಕೇಳುವವರಿಗೆ ವಾರಕ್ಕೆ ಎರಡು ಪೀರಿಯಡ್ ಬಿಡಿಸಿಕೊಡೋಣ ಅಂತ ಯಾಕೆ ಹೊಳೆಯುವುದಿಲ್ಲ?

ನಾನು ಸ್ಕ್ರೀನ್‌ಶಾಟ್ ಕಳಿಸಿಲ್ಲ, ಕಳಿಸುವುದೂ ಇಲ್ಲ. ನೋಟಿಸ್ ಬಂದರೆ ಉತ್ತರ ಕೊಡುತ್ತೇನೆ. ಮುಂದಿನ ಶನಿವಾರ ಕ್ಲಾಸು ಬಿಟ್ಟ ಮೇಲೆ ನಮ್ಮ ಶಾಲೆಯ ಕಂಪ್ಯೂಟರ್ ರೂಮು ತೆರೆದಿರುತ್ತದೆ, ಹೆಡ್‌ಮೇಡಂ ಒಪ್ಪಿದ್ದಾರೆ. ತಾಲೂಕಿನ ಗ್ರಂಥಾಲಯ ಇನ್‌ಚಾರ್ಜ್ ಯಾರೇ ಇದನ್ನು ಓದುತ್ತಿದ್ದರೂ ನಿಮ್ಮ ನುಡಿ ಫೈಲು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬನ್ನಿ, ಯೂನಿಕೋಡ್ ಮಾಡಿಕೊಂಡು ಹೋಗಿ. ಕೈಬರಹದ ರಿಜಿಸ್ಟರ್ ಮಾತ್ರ ಇದ್ದರೆ ಅದನ್ನೇ ತನ್ನಿ, ಮೊದಲ ನೂರು ಪುಸ್ತಕ ಸೇರಿ ಟೈಪ್ ಮಾಡೋಣ. ಟೀ ನಮ್ಮ ಕಡೆಯಿಂದ.